ಟೇಪಿನ ಮೇಲೆ ಒಂದು ಬೆರಳು

ದೆವ್ವ ಗಿವ್ವ ಅಂದರೆ ನಗುವ ಆಸಾಮಿ ನಾನು. ಹಾಗಾಗಿ ನೀರಿನ ವಿಷಯ ಮಾತ್ರ ಹೇಳುತ್ತೇನೆ.

ಮನೆಯ ಹಾಲ್‌ನಲ್ಲಿ ಉಪ್ಪುನೀರಿನ ಚಿಕ್ಕ ಅಕ್ವೇರಿಯಂ ಇಟ್ಟೆ. "ನೀರು ಹದಕ್ಕೆ ಬರೋವರೆಗೂ ಮೀನು ಬಿಡಬೇಡಿ," ಅಂದಿದ್ದರು ಅಂಗಡಿಯವರು. ಒಳಗಿದ್ದದ್ದು ಮರಳು, ಕಲ್ಲು, ನೀರು, ಅಷ್ಟೇ. ಆವಿಯಾದಷ್ಟು ಸಿಹಿನೀರು ತುಂಬಬೇಕಲ್ಲ, ಅದಕ್ಕೇ ನೀರಿನ ಮಟ್ಟ ನೋಡಿ ಗಾಜಿಗೆ ಟೇಪು ಅಂಟಿಸಿದ್ದೆ. ಕಲ್ಲು ಸರಿಪಡಿಸಲು ಕೈ ಹಾಕಿದರೆ ನೀರು ಟೇಪಿನಿಂದ ಒಂದು ಬೆರಳು ಮೇಲೇರುತ್ತಿತ್ತು; ತೆಗೆದರೆ ಇಳಿಯುತ್ತಿತ್ತು.

ಆ ವಾರ ನೀರು ತುಂಬುವ ಪ್ರಮೇಯವೇ ಬರಲಿಲ್ಲ. ಒಂದು ಹನಿಯೂ ಕಡಿಮೆಯಾಗಲಿಲ್ಲ. ಹೀಟರ್ ಇನ್ನೂ ಡಬ್ಬದಲ್ಲೇ ಇತ್ತು, ಆದರೂ ಗಾಜು ಮುಟ್ಟಿದರೆ ಜ್ವರ ಬಂದವರ ಹಣೆ ಮುಟ್ಟಿದ ಹಾಗಿತ್ತು. "ಮೊದಲು ಇದನ್ನ ವಾಪಸ್ ಕೊಟ್ಟು ಬನ್ನಿ," ಅಂತ ಹೆಂಡತಿ ಗೋಗರೆದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಭಾನುವಾರ ಮಧ್ಯಾಹ್ನ ನೋಡಿದರೆ ಕಲ್ಲು ಉರುಳಿ ಬಿದ್ದಿತ್ತು. ಮೊಣಕೈವರೆಗೆ ಕೈ ಇಳಿಸಿ ಅದನ್ನು ಎತ್ತಿ ನಿಲ್ಲಿಸಿದೆ. ಕೈ ಹೊರಗೆ ತೆಗೆದೆ. ನೀರು ಇಳಿಯಲಿಲ್ಲ.

ಬಚ್ಚಲಿಗೆ ಹೋಗಿ ಕೈ ತೊಳೆಯುತ್ತಿದ್ದೆ. ಹಾಲ್‌ನಿಂದ ಹೆಂಡತಿಯ ದನಿ ಕೇಳಿಸಿತು, ನನ್ನ ಮೇಲೆ ರೇಗುವಾಗ ಮಾತ್ರ ಬರುವ ದನಿ.

"ರೀ, ಇನ್ನೂ ಎಷ್ಟು ಹೊತ್ತು ಅದರೊಳಗೆ ಕೈ ಹಾಕ್ಕೊಂಡು ನಿಲ್ತೀರಿ? ಊಟ ತಣ್ಣಗಾಗ್ತಿದೆ."

ನನ್ನ ಎರಡೂ ಕೈ ಸೋಪಿನ ನೊರೆಯಲ್ಲಿದ್ದವು.