ಖೋಖೋ ಬಯಲಿನಲ್ಲಿ ಹೆಣ್ಣು ನೋಡಿದ್ದು

"ಇವತ್ತೊಂದಿನ ಡ್ರಿಲ್ ಪೀರಿಯಡ್ ನಂಗೆ ಬುಟ್ಬುಡಿ ಕಣ್ರೀ."

ಬಿಳಿಗೆರೆ ಶಾಲೆಯ ಜಗಲಿಯಲ್ಲಿ ಗಂಗಾಧರಯ್ಯ ಹೀಗೆ ಬೇಡಿದಾಗ ಹೊಂಬಾಳಮ್ಮ ಸೆರಗನ್ನು ಸೊಂಟಕ್ಕೆ ಬಿಗಿಯುತ್ತಿದ್ದಳು. ಇಬ್ಬರೂ ಪ್ರೈಮರಿ ಮೇಷ್ಟರಾಗಲು ತಿಪಟೂರಿನಲ್ಲಿ ಟಿ.ಸಿ.ಎಚ್. ಓದುತ್ತಿದ್ದವರು, ಪಾಠ ಮಾಡಿ ಕಲಿಯಲೆಂದು ಈ ಊರಿಗೆ ಬಂದವರು. ಬಂದ ವಾರದಲ್ಲೇ ಕಣ್ಣುಗಳು ಕಲೆತಿದ್ದವು. ಅವನು ಸೀಟಿ ಊದಿದರೆ ಒಳಗೆ ಅವಳ ಮಗ್ಗಿ ತಪ್ಪುತ್ತಿತ್ತು. ಅವಳು ನಕ್ಕರೆ ಅವನ ಸೀಟಿಯೇ ಬಾಯಿಂದ ಜಾರುತ್ತಿತ್ತು.

"ಯಾಕೆ ಬಿಡಬೇಕು?"

"ನಮ್ಮವ್ವ ಬತ್ತಾವ್ಳೆ, ನಿಮ್ಮನ್ನ ನೋಡೋಕೆ. ನೀವು ಒಳಗೇ ಆರೋಗ್ಯದ ಪಾಠ ಮಾಡಿ. ಉಗುರು, ಹಲ್ಲು..."

"ಉಗುರು, ಹಲ್ಲು ಬೆಳಿಗ್ಗೆನೇ ಆಯ್ತು. ಡ್ರಿಲ್ ಅಂದ್ರೆ ಗಂಡುಡುಗ್ರು ಆಡೋದು, ಹೆಣ್ಮಕ್ಳು ಅಂಗಳ ಗುಡಿಸೋದು. ಇನ್ನು ಅದು ಸಾಕು. ಇವತ್ತು ಅವರು ಆಡ್ತಾರೆ, ನಾನೂ ಆಡ್ತೀನಿ."

"ಅವ್ವ ಒಪ್ಪದೆ ಹೋದ್ರೆ?"

ಆ ಭಯ ಅವಳಿಗೂ ಇತ್ತು. ಬೇಕೇ ಬೇಕು ಎನಿಸಿದ ಗಂಡಸು ಇವನೊಬ್ಬನೇ. ಆದರೆ ಬಯಲಿನಲ್ಲಿ ಹುಡುಗಿಯರು ಆಗಲೇ ಸಾಲಾಗಿ ಕೂತು ಅವಳ ದಾರಿ ನೋಡುತ್ತಿದ್ದರು.

"ಒಪ್ಪದೆ ಹೋದ್ರೆ ಅವರ ಜೊತೆ ನೀವೂ ಬಸ್ ಹತ್ತಿ," ಎಂದವಳೇ ಜಗಲಿ ಇಳಿದಳು.

ಗಂಗಾಧರಯ್ಯನ ಅವ್ವ ಸಿದ್ದಕ್ಕ ಬಂದು ತೆಂಗಿನ ನೆರಳಲ್ಲಿ ನಿಂತಾಗ ಖೋಖೋ ಆಟ ಕಾವೇರಿತ್ತು. ಹೊಂಬಾಳಮ್ಮ ಮಕ್ಕಳ ಸಾಲಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು.

"ಏಳವ್ವಾ, ಒಸಿ ನಡ್ದು ತೋರ್ಸು," ಎಂದಳು ಸಿದ್ದಕ್ಕ. ಕಾಲಿನ ಐಬು ತಿಳಿಯಲು ಹೆಣ್ಣನ್ನು ನಡೆಸಿ ನೋಡುವುದು ಆ ಕಡೆಯ ವಾಡಿಕೆ.

"ಖೋ!" ಪುಟ್ಟ ಹುಡುಗಿಯೊಬ್ಬಳು ಟೀಚರ ಬೆನ್ನಿಗೆ ತಟ್ಟಿದಳು.

ಹೊಂಬಾಳಮ್ಮ ಎದ್ದಳು, ಓಡಿದಳು. ಕಂಬ ಸುತ್ತಿ, ನುಣುಚಿದವಳನ್ನು ಅಟ್ಟಿ ಹಿಡಿದು, ಏದುಸಿರು ಬಿಡುತ್ತ ಸಿದ್ದಕ್ಕನ ಮುಂದೆ ನಿಂತಳು.

"ನಡ್ದು ತೋರ್ಸಲ್ಲಮ್ಮಾ. ಓಡಿದ್ದು ನೋಡಿದ್ರಲ್ಲ."

ಸಿದ್ದಕ್ಕ ಮಗನತ್ತ ತಿರುಗಿದಳು. "ಏನ್ಲಾ ಇದು? ತಲೆ ಎತ್ತಿ ಮಾತಾಡದ ಹುಡುಗಿ ಅಂದಿದ್ಯಲ್ಲಾ?"

ಗಂಗಾಧರಯ್ಯ ಹೊಂಬಾಳಮ್ಮನ ಬೆವರಿದ ಮುಖ ನೋಡಿದ. "ಸುಳ್ಳು ಹೇಳಿದ್ದೆ ಕಣವ್ವಾ. ನಂಗೆ ಬೇಕಾಗಿರೋದು ಈ ಹುಡುಗೀನೇ."

ಚಪ್ಪಲಿ ಬಿಟ್ಟ. ಹುಡುಗಿಯರ ಸಾಲಿಗೆ ಹೋಗಿ, ಹೊಂಬಾಳಮ್ಮ ಬಿಟ್ಟೆದ್ದ ಜಾಗದಲ್ಲಿ ಈಗ ಕೂತಿದ್ದ ಪುಟ್ಟ ಹುಡುಗಿಯನ್ನು ಎಬ್ಬಿಸಿ, ಅಲ್ಲಿ ಪ್ಯಾಂಟಿನ ಮಡಿಕೆಯನ್ನೂ ಲೆಕ್ಕಿಸದೆ ಕುಕ್ಕರಿಸಿದ. ಮಕ್ಕಳು ಕಿಸಕ್ಕನೆ ನಕ್ಕರು.

ಸಿದ್ದಕ್ಕ ಒಪ್ಪಿದೆ ಎನ್ನಲಿಲ್ಲ. ಹೋಗಲೂ ಇಲ್ಲ. ಮರಕ್ಕೆ ಒರಗಿ ಕೂತು ಎಲೆಯಡಿಕೆ ಚೀಲ ಬಿಚ್ಚಿದಳು.

ಹೊಂಬಾಳಮ್ಮ ಅವನ ಬೆನ್ನ ಹಿಂದೆ ಬಂದಳು. ಆಟಕ್ಕೆ ಬೇಕಾದ್ದಕ್ಕಿಂತ ಒಂದು ಗಳಿಗೆ ಹೆಚ್ಚೇ ಅಂಗೈಯನ್ನು ಅಲ್ಲಿ ಊರಿ, ಅವನಿಗಷ್ಟೇ ಕೇಳುವಂತೆ "ಖೋ" ಎಂದಳು.