ಗೇಟಿನಾಚೆ ನಿಂತವನು

"ಇವರನ್ನ ಯಾರು ಕರೆದಿದ್ದು?"

ಹರಿತಾಳ ದನಿ ಅಂಗಳದುದ್ದಕ್ಕೂ ಚುರುಕ್ಕೆಂದಿತು.

ಗೇಟಿನಾಚೆ ಬೈಕ್ ನಿಲ್ಲಿಸಿ ನಿಂತಿದ್ದವನು ವೇಣು! ಯುಗಾದಿ ಕಳೆದ ಮೇಲೆ ಅವಳನ್ನು ನೋಡಲು ಬಂದು, ಅಪ್ಪ ಎಷ್ಟು ಕರೆದರೂ ಒಳಗೆ ಕಾಲಿಡದೆ, "ಇನ್ನೊಂದಿನ ಬರ್ತೀನಿ" ಎಂದು ಇದೇ ಗೇಟಿನಿಂದ ತಿರುಗಿ ಹೋಗಿದ್ದ ವೇಣು. ಬೀದಿಯವರೆಲ್ಲ ನೋಡಿದ್ದರು. ಮಾರನೇ ಬೆಳಗ್ಗೆಯೇ ಹರಿತಾ, "ಈ ಸಂಬಂಧ ಬೇಡ" ಎಂದು ಫೋನ್ ಮಾಡಿಸಿದ್ದಳು.

"ನಾನೇ ಕಣೇ ಕರೆದಿದ್ದು," ಎಂದರು ತಾಯಿ ಶ್ಯಾಮಲಮ್ಮ. "ಮೆಕ್ಯಾನಿಕ್ ಚಿಂತಾಮಣಿಗೆ ಹೋಗವ್ನೆ. ಕಾರಿನ ಕಾಯಿಲೆ ಹೇಳೋ ಮಿಷನ್ ಇರೋದು ಇವನ ಹತ್ರಾನೇ. ಕೋಪ ಆಮೇಲೆ ಮಾಡ್ಕೊಳಮ್ಮ, ಮೊದಲು ಹುಳ ನೋಡು."

ಹುಳ!

ಹರಿತಾ, ಮರಿಹುಳ ಸಾಕಿ ರೈತರಿಗೆ ಮಾರುವ ಚಾಕಿ ಕೇಂದ್ರ ತೆರೆದು ಸಾಕಿದ ಮೊದಲ ರೇಷ್ಮೆ ಮರಿಗಳು ಕಾರಿನ ಹಿಂದಿನ ಸೀಟಿನಲ್ಲಿ, ತಟ್ಟೆತಟ್ಟೆಯಾಗಿ, ಜ್ವರದಲ್ಲಿ ಮಲಗಿದ್ದವು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ನಿದ್ದೆ; ಅದು ಮಧ್ಯಾಹ್ನದೊಳಗೆ ಮುಗಿಯುತ್ತದೆ. ಅಷ್ಟರಲ್ಲಿ ಹುಳ ಕೊಳ್ಳುವವರ ಊರು ದಿಬ್ಬೂರಹಳ್ಳಿ ತಲುಪಬೇಕು. ಬಿಸಿಲು ತಾಗಿದರೆ ಕತೆ ಮುಗೀತು. ವಾಪಸ್ ಇಳಿಸೋಣವೆಂದರೆ, ಅಪ್ಪ ನರಸಿಂಹಪ್ಪ ರೋಗಾಣು ಸಾಯಲೆಂದು ಆಗಲೇ ಹುಳುಮನೆಗೆಲ್ಲ ಬ್ಲೀಚಿಂಗ್ ನೀರು ಹೊಡೆದಾಗಿತ್ತು!

ಕಾರೋ... ಎರಡು ಸಲ ಕೆಮ್ಮಿ, ಹಳದಿ ಇಂಜಿನ್ ದೀಪ ಹೊತ್ತಿಸಿಕೊಂಡು ಆಫ್ ಆಗಿ ಕೂತಿತ್ತು. ಎಸಿಯೂ ನಿಂತಿತ್ತು.

ವೇಣು ಮಿಷನ್ ಇದ್ದ ಪ್ಲಾಸ್ಟಿಕ್ ಕವರೊಂದನ್ನು ಕಾಂಪೌಂಡ್ ಮೇಲಿಟ್ಟು ದೂರ ಸರಿದ.

"ಸ್ಟೇರಿಂಗ್ ಕೆಳಗೆ ಒಂದು ಸಾಕೆಟ್ ಇರುತ್ತೆ. ಇದನ್ನ ಅಲ್ಲಿಗೆ ಹಾಕಿ ಕೀ ಆನ್ ಮಾಡಿ. ಸ್ಟಾರ್ಟ್ ಬೇಡ. ಆ್ಯಪ್ ಹೆಸರು ಹೇಳ್ತೀನಿ, ನಿಮ್ಮ ಫೋನಲ್ಲೇ ನೋಡಬಹುದು."

"ನಾನಾ? ನೀವು ನೋಡೋಕೆ ಬಂದಿದ್ದಲ್ವಾ?"

"ನೀವೇ ಮಾಡಿ... ದಯವಿಟ್ಟು."

ಮನೆಯೊಳಗೆ ಬರೋಕೆ ಆಗಲ್ಲ, ಈಗ ನನ್ನ ಕಾರು ಮುಟ್ಟೋಕೂ ಆಗಲ್ವಾ? ಅವಳ ಕಣ್ಣು ತುಂಬಿ ಬಂತು. ಆದರೆ ಹುಳಗಳ ಮೇಲೆ ಹೊದೆಸಿದ ಒದ್ದೆ ಬಟ್ಟೆ ಆಗಲೇ ಒಣಗುತ್ತಿತ್ತು. ಹಲ್ಲು ಕಚ್ಚಿ ಸಾಕೆಟ್ ಹುಡುಕಿದಳು.

ಫೋನಿನಲ್ಲಿ ಒಂದು ಕೋಡ್ ಮೂಡಿತು. ಅವಳು ಓದಿದಳು.

"ಪೆಟ್ರೋಲ್ ಜಾಸ್ತಿ, ಗಾಳಿ ಕಮ್ಮಿ ಅಂತ ಅದು," ಎಂದ ವೇಣು. "ಸೈಲೆನ್ಸರ್ ಹತ್ರ ಇರೋ ಸೆನ್ಸರ್ ಹೋಗಿರ್ಬೇಕು. ಹೊಸದು ಚಿಕ್ಕಬಳ್ಳಾಪುರದಿಂದಲೇ ತರ್ಬೇಕು."

ಆಗಲೇ ಫೋನ್ ಬಡಿದುಕೊಂಡಿತು. ದಿಬ್ಬೂರಹಳ್ಳಿಯ ಮುನಿಶಾಮಮ್ಮ.

"ಏನಮ್ಮಾ ಹರಿತಾ, ಸೊಪ್ಪು ಕೊಯ್ದು ಒದ್ದೆ ಗೋಣಿ ಮುಚ್ಚಿ ಕೂತಿವ್ನಿ. ಹುಳ ಬತ್ತಾವೋ, ಇಲ್ವೋ? ನಿನ್ನ ನಂಬಿ ಬೇರೆ ಕಡೆ ಬೇಡ ಅಂದಿವ್ನಮ್ಮ!"

"ಬರ್ತೀನಿ ಅಕ್ಕ... ಬಂದೇ ಬರ್ತೀನಿ."

ಗಾಳಿ ಕಮ್ಮಿ... ಗಾಳಿ ಯಾಕೆ ಕಮ್ಮಿ?

ಬಾನೆಟ್ ಮೇಲೆ ಕೈಯೂರಿದಳು. ಅಂಗೈ ಬೆಳ್ಳಗಾಯಿತು. ಸುಣ್ಣದ ಪುಡಿ!

ಬೆಳಗ್ಗೆ ಜ್ವರದ ಹುಳಗಳಿಗೆ ವಾಡಿಕೆಯಂತೆ ಅವಳೇ ಸುಣ್ಣ ಉದುರಿಸಿದ್ದಳು. ಅಷ್ಟು ಹೊತ್ತೂ ಕಾರನ್ನು ಹುಳುಮನೆ ಬಾಗಿಲಿಗೇ ತಾಗಿಸಿ, ಸ್ಟಾರ್ಟ್ ಮಾಡಿ ಬಿಟ್ಟಿದ್ದಳು... ಹುಳದ ಮರಿಗಳು ಹತ್ತುವ ಹೊತ್ತಿಗೆ ಒಳಗೆ ತಣ್ಣಗಿರಲಿ ಅಂತ! ಹಾರಿದ ಸುಣ್ಣವನ್ನೆಲ್ಲ ಇಂಜಿನ್ನೇ ಎಳೆದುಕೊಂಡಿದ್ದರೆ?

"ಏರ್ ಫಿಲ್ಟರ್ ಎಲ್ಲಿರುತ್ತೆ?" ಬಾನೆಟ್ ಎತ್ತಿ ಕೂಗಿದಳು.

"ಆ ಕಪ್ಪು ಡಬ್ಬ. ಕ್ಲಿಪ್ ಎತ್ತಿ!"

ಫಿಲ್ಟರ್ ಹೊರಗೆ ಬಂತು. ಹಿಟ್ಟಿನಲ್ಲಿ ಹೊರಳಿಸಿದ ಹಾಗಿತ್ತು.

"ಅಯ್ಯೋ, ನಾನು ಹೇಳಿದ್ದು ತಪ್ಪಾಯ್ತು ಕಣ್ರೀ," ಎಂದ ವೇಣು. "ತಲೆಕೆಳಗೆ ಮಾಡಿ ಮೆಲ್ಲಗೆ ತಟ್ಟಿ. ಒಳಗಡೆಯಿಂದ ಹೊರಕ್ಕೆ ಗಾಳಿ ಬಿಡಬೇಕು. ನೀರು ಮಾತ್ರ ತಾಕಿಸ್ಬೇಡಿ."

ಶ್ಯಾಮಲಮ್ಮ ಸೈಕಲ್ ಪಂಪ್ ತಂದರು. ಫಿಲ್ಟರ್ ಹಿಡಿದರೆ ಪಂಪ್ ಜಾರುತ್ತಿತ್ತು, ಪಂಪ್ ಹಿಡಿದರೆ ಫಿಲ್ಟರ್.

"ಬಂದು ಒಂಚೂರು ಹಿಡ್ಕೊಳ್ಳಿ!"

"ಬರೋಕಾಗಲ್ಲ."

ಅಷ್ಟೇ! ತಿಂಗಳುಗಟ್ಟಲೆ ಅದುಮಿಟ್ಟಿದ್ದೆಲ್ಲ ಒಡೆಯಿತು.

"ಬಂದ್ರೆ ಏನ್ರೀ ಸವೆದು ಹೋಗ್ತೀರಾ? ಅವತ್ತೂ ಹೀಗೇ ನಿಂತಿದ್ರಿ! ನಮ್ಮನೇಲಿ ಏನು ಅಂಟಿಕೊಂಡಿದೆ?"

"ನಿಮ್ಮನೇಲಲ್ಲ!" ಅವನ ದನಿಯೂ ಏರಿತು. "ನನ್ನ ಮೈಗೆ ಅಂಟಿದೆ! ಬೆಳಗ್ಗೆ ಟೊಮೇಟೊಗೆ ಔಷಧಿ ಹೊಡೀತಿದ್ದೆ. ನಿಮ್ಮಮ್ಮ ಫೋನ್ ಮಾಡಿದ್ರು, ಹಾಗೇ ಓಡಿ ಬಂದೆ. ಈ ಬಟ್ಟೇಲಿ ನಾನು ಆ ಕಾರು ಮುಟ್ಟಿದ್ರೆ ನಿಮ್ಮ ಹುಳ ಒಂದೂ ಉಳಿಯಲ್ಲ."

ಹರಿತಾಳ ಕೈಯಲ್ಲಿ ಪಂಪ್ ನಿಂತಿತು.

"ಅವತ್ತು...?"

"ಅವತ್ತು ದಾರೀಲಿ ಯಾರೋ ದ್ರಾಕ್ಷಿಗೆ ಹೊಡೀತಿದ್ದಿದ್ದು ಮೈಮೇಲೆಲ್ಲ ಬಿತ್ತು. ಇಲ್ಲಿ ಬಂದು ನೋಡಿದ್ರೆ ಹುಳುಮನೆ ಬಾಗಿಲು ತೆರೆದಿತ್ತು, ಒಳಗೆ ನಿಮ್ಮಪ್ಪ ಸಾಕಿದ ಹುಳ."

"ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ರೆ ನಿಮ್ಮಪ್ಪ ಇಲ್ಲೇ ಸ್ನಾನ ಮಾಡಪ್ಪ ಅಂತಿದ್ರು. ಹೆಣ್ಣು ನೋಡೋಕೆ ಬಂದೋನು ಟವೆಲ್ ಸುತ್ಕೊಂಡು ಕಾಫಿ ಕುಡೀಬೇಕಿತ್ತಾ?... ನಾಚಿಕೆ ಆಯ್ತು. ಮಾರನೇ ದಿನ ಬರೋಣ ಅಂತ ಹೊರಟಿದ್ದೆ. ಅಷ್ಟರಲ್ಲಿ ನಿಮ್ಮ ಫೋನ್ ಬಂತು."

ಶ್ಯಾಮಲಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಗುವೋ, ಅಳುವೋ...

"ಅಮ್ಮಾ, ಫಿಲ್ಟರ್ ಹಿಡ್ಕೋ," ಎಂದಳು ಹರಿತಾ.

ಸುಣ್ಣ ಮೋಡದಂತೆ ಹಾರಿತು. ಡಬ್ಬ ಒರೆಸಿ, ಫಿಲ್ಟರ್ ಕೂರಿಸಿ, ಅವನು ಹೇಳಿದಂತೆ ಕೋಡ್ ಅಳಿಸಿದಳು. ಕೀ ತಿರುಗಿಸಿದಳು.

ಇಂಜಿನ್ ಒಮ್ಮೆ ನಡುಗಿತು... ಆಮೇಲೆ ಸಮನಾಗಿ ಗುನುಗಿತು. ದೀಪ ಹೊತ್ತಲಿಲ್ಲ!

"ಹೋಗಿ! ದಾರೀಲಿ ಮತ್ತೆ ದೀಪ ಬಂದ್ರೂ ಗಾಬರಿ ಬೇಡ. ನಾನು ಹಿಂದೆ ಇರ್ತೀನಿ," ಎಂದ ವೇಣು. ತುಸು ತಡೆದು, "ದೂರದಲ್ಲಿ..." ಎಂದ.

ದಿಬ್ಬೂರಹಳ್ಳಿಯಲ್ಲಿ ಮುನಿಶಾಮಮ್ಮ ತಟ್ಟೆ ಇಳಿಸಿಕೊಂಡು, ಬಟ್ಟೆ ಸರಿಸಿ, ಬಗ್ಗಿ ನೋಡಿದಳು.

"ಏಳ್ತಾವೆ ಕಣಮ್ಮ! ತಲೆ ಎತ್ತಿ ಸೊಪ್ಪು ಹುಡುಕ್ತಾವೆ!"

ಅಲ್ಲಿಯವರೆಗೆ ತಡೆದಿದ್ದ ಕಣ್ಣೀರು ಆಗ ಸುರಿಯಿತು.

ರಸ್ತೆಯಾಚೆ ಹುಣಸೆಮರದಡಿ ವೇಣು ಕಾಯುತ್ತಿದ್ದ. ಹರಿತಾ ನೆಟ್ಟಗೆ ಅವನ ಕಡೆ ನಡೆದಳು.

"ಹತ್ರ ಬರ್ಬೇಡಿ... ಔಷಧಿ..."

"ಇವತ್ತು ನನ್ನ ಹುಳುಮನೆ ಖಾಲಿ," ಎಂದಳು. ಇನ್ನೂ ಒಂದು ಹೆಜ್ಜೆ ಮುಂದೆ ಬಂದಳು. "ಅವತ್ತು ಅಷ್ಟು ಕೋಪ ಯಾಕೆ ಬಂತು ಗೊತ್ತಾ? ಕಿಟಕಿಯಿಂದ ನೋಡಿದ್ದೆ ನಿಮ್ಮನ್ನ. ಇಷ್ಟ ಆಗಿಬಿಟ್ಟಿದ್ರಿ. ಅದಕ್ಕೇ."

ಈ ಸಲ ವೇಣು ದೂರ ಸರಿಯಲಿಲ್ಲ.

"ನಾನು ನಿಮ್ಮನ್ನ ಅವತ್ತು ನೋಡ್ಲೇ ಇಲ್ಲ," ಎಂದ. "ಇವತ್ತೇ ನೋಡಿದ್ದು. ಬೆಳಗ್ಗೆಯಿಂದ ಬೈಸ್ಕೊಂಡು."

"ನೋಡಿ...?"

"ಒಪ್ಪಿಗೆ ಅಂತ ಮನೇಲಿ ಹೇಳ್ಲಾ?"

"ಮನೇಲಿ ಆಮೇಲೆ." ಹರಿತಾ ಕಣ್ಣೊರೆಸಿಕೊಂಡಳು. "ಮೊದಲು ನನಗೆ ಹೇಳಿ."