ಯಾರದೋ ಎದೆನೋವು, ಯಾರದೋ ಸಿಗ್ನಲ್

"ಬಾಗಿಲು ತೆಗೀರಿ. ಒಳಗೆ ಇದ್ದೀರಿ ಅಂತ ಗೊತ್ತು ನನಗೆ."

ಪಕ್ಕದ ಮನೆಯ ಬಾಗಿಲನ್ನು ಅವಳು ಅಂಗೈಯಿಂದ ಬಡಿದಳು. ಒಮ್ಮೆ... ಮತ್ತೊಮ್ಮೆ. ಇಷ್ಟು ದಿನ ಆ ಬಾಗಿಲ ಮುಂದೆ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದವಳಿಗೆ ಇವತ್ತು ಅದೆಲ್ಲಿಂದ ಬಂತೋ ಧೈರ್ಯ.

ಬಾಗಿಲು ತೆರೆಯಿತು. ನಿದ್ದೆಗೆಟ್ಟು ಕೆಂಪಾದ ಕಣ್ಣು, ಕೆದರಿದ ತಲೆ, ತೊಳೆದರೂ ಬೆರಳ ಸಂದಿಯಿಂದ ಹೋಗದ ಕಪ್ಪು ಮಸಿ. ಅವನು ತುಟಿಯ ಮೇಲೆ ಬೆರಳಿಟ್ಟು ಒಮ್ಮೆ ಒಳಗೆ ತಿರುಗಿ ನೋಡಿದ.

"ಸ್ವಲ್ಪ ಮೆಲ್ಲಗೆ ಮಾತಾಡ್ತೀರಾ?"

"ಯಾಕೆ ಮೆಲ್ಲಗೆ? ನೀವು ಬೆಳಿಗ್ಗೆ ಮನೆಗೆ ಬರ್ತೀರಿ, ನನ್ನ ಇಂಟರ್ನೆಟ್ ಸಾಯುತ್ತೆ. ದಿನಾ ಇದೇ ಕಥೆ. ನನ್ನ ವೈಫೈ ಕದ್ದು ಸಿನಿಮಾ ನೋಡ್ತೀರಿ ಅಲ್ವಾ?"

"ಇಲ್ಲ ರೀ. ನಾನು..."

"ಡಾಕ್ಟರ ಜೊತೆ ಕಾಲ್ ಅರ್ಧಕ್ಕೆ ನಿಂತುಹೋಯ್ತು ಗೊತ್ತಾ? ಒಂದು ಜೀವದ ವಿಷಯ ಅದು."

ಅವನ ಮುಖ ಇದ್ದಕ್ಕಿದ್ದಂತೆ ಬದಲಾಯಿತು. ಅವಳನ್ನೇ ತುಂಬಾ ಹೊತ್ತು ನೋಡಿದ. ಎಂಥ ನೋಟ ಅದು? ಕನಿಕರವೋ, ಉದ್ಧಟತನವೋ ಅವಳಿಗೆ ತಿಳಿಯಲಿಲ್ಲ.

"ಕ್ಷಮಿಸಿ," ಅಂದ ಅವನು. "ಇನ್ನು ಹೀಗಾಗಲ್ಲ."

ಬಾಗಿಲು ಮುಚ್ಚಿಕೊಂಡಿತು.

ಮನೆಗೆ ಬಂದವಳಿಗೆ ಚಿಕ್ಕಮ್ಮ ಕಾಫಿ ಲೋಟ ಕೈಗಿಟ್ಟು ಕೇಳಿದರು. "ಏನಂದ ಆ ಗೂಬೆ?" ರಾತ್ರಿ ಕೆಲಸಕ್ಕೆ ಹೋಗಿ ಹಗಲು ಮಲಗುವವನಿಗೆ ಚಿಕ್ಕಮ್ಮ ಇಟ್ಟ ಹೆಸರು ಅದು.

"ಇನ್ನು ಹೀಗಾಗಲ್ಲ ಅಂದ."

"ಅಂದರೆ ಒಪ್ಪಿಕೊಂಡ ಹಾಗಾಯ್ತಲ್ಲೇ ಪುಟ್ಟಿ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ."

ಮೂವತ್ತು ದಾಟಿದರೂ ಚಿಕ್ಕಮ್ಮನಿಗೆ ಅವಳು ಪುಟ್ಟಿಯೇ. ಆದರೆ ಪುಟ್ಟಿಗೆ ನಗುವ ಶಕ್ತಿ ಉಳಿದಿರಲಿಲ್ಲ.

ಅವಳದು ಸನ್ನೆ ಭಾಷೆಯ ದುಭಾಷಿ ಕೆಲಸ. ಕಿವಿ ಕೇಳದ ರೋಗಿ ಆಸ್ಪತ್ರೆಯಲ್ಲಿ ವೈದ್ಯರ ಮುಂದೆ ಕೂತರೆ, ಇಬ್ಬರ ನಡುವೆ ಇರುವ ಪರದೆಯ ಮೇಲೆ ಇವಳು ಮೂಡುತ್ತಾಳೆ. ವೈದ್ಯರ ಮಾತನ್ನು ಕೈಯಲ್ಲಿ ಹೇಳುತ್ತಾಳೆ, ರೋಗಿಯ ಕೈ ಮಾತನ್ನು ಬಾಯಲ್ಲಿ ಹೇಳುತ್ತಾಳೆ. ಹೇಳುವಾಗ 'ಅವರಿಗೆ ನೋವಂತೆ' ಎನ್ನುವ ಹಾಗಿಲ್ಲ. ರೋಗಿ 'ನನಗೆ' ಅಂದರೆ ಇವಳೂ 'ನನಗೆ' ಅನ್ನಬೇಕು. ಅದು ಆ ಕೆಲಸದ ಪದ್ಧತಿ.

ಹೀಗೆ ದಿನವಿಡೀ ಬೇರೆಯವರ 'ನಾನು' ಆಗಿ ಆಗಿ, ಸಂಜೆಯ ಹೊತ್ತಿಗೆ ತನ್ನದು ಅಂತ ಏನಾದರೂ ಇದೆಯಾ ಎಂಬುದೇ ಅವಳಿಗೆ ಮರೆತುಹೋಗುತ್ತಿತ್ತು.

ಆ ಬೆಳಿಗ್ಗೆ ವೈದ್ಯರು ಕಿವಿ ಕೇಳದ ಒಬ್ಬ ಅಜ್ಜಿಗೆ ಗುಳಿಗೆಯ ವಿಷಯ ಹೇಳುತ್ತಿದ್ದಾಗ ಪರದೆಯ ಮೇಲೆ ಅವಳ ಕೈ ಗಾಳಿಯಲ್ಲೇ ನಿಂತುಬಿಟ್ಟಿತ್ತು. ದಿನಕ್ಕೆ ಎಷ್ಟು ಗುಳಿಗೆ ಎಂಬುದು ಆ ಅಜ್ಜಿಗೆ ತಲುಪಲೇ ಇಲ್ಲ. ಮೇಲಧಿಕಾರಿ ಫೋನ್ ಮಾಡಿ ಮೆತ್ತಗೇ ಹೇಳಿದ್ದರು. "ಇನ್ನೊಂದು ಸಲ ಹೀಗಾದರೆ ನಿಮಗೆ ಕಾಲ್ ಕೊಡಲ್ಲಮ್ಮ. ತಪ್ಪು ತಿಳ್ಕೋಬೇಡಿ."

ಅವಳೇನು ಕೈಕಟ್ಟಿ ಕೂತಿರಲಿಲ್ಲ. ಸಹಾಯವಾಣಿಯ ಹುಡುಗಿ ಹೇಳಿದ್ದನ್ನೆಲ್ಲ ಮಾಡಿದ್ದಳು. ರೌಟರ್ ಆಫ್ ಮಾಡಿ ಆನ್ ಮಾಡಿದ್ದಳು. ಪಾಸ್‌ವರ್ಡ್ ಬದಲಿಸಿದ್ದಳು. ಕೋಪ ತಡೆಯದೆ ವೈಫೈಯ ಹೆಸರನ್ನೇ 'ಕಳ್ಳರಿಗೆ ಪ್ರವೇಶವಿಲ್ಲ' ಎಂದು ಬದಲಾಯಿಸಿದ್ದಳು, ಪಕ್ಕದ ಮನೆಯ ಮೊಬೈಲಿನಲ್ಲಿ ಕಾಣಲಿ ಅಂತ. ಅಡುಗೆಮನೆಯಲ್ಲಿ ಕೂತರೆ ನೆಟ್ ಚೆನ್ನಾಗಿಯೇ ಓಡುತ್ತಿತ್ತು. ಆದರೆ ರೋಗಿಯ ಗುಟ್ಟು ಕೇಳುವವಳು ಬಾಗಿಲು ಹಾಕಿದ ಕೋಣೆಯಲ್ಲೇ ಕೂರಬೇಕು. ಇದ್ದದ್ದು ಒಂದೇ ಕೋಣೆ, ಪಕ್ಕದ ಮನೆಯ ಗೋಡೆಗೆ ಅಂಟಿಕೊಂಡದ್ದು.

ಆ ಸಂಜೆ ಕೊನೆಯ ಪ್ರಯತ್ನ. ಲ್ಯಾಪ್‌ಟಾಪಿನಲ್ಲಿ ವೈಫೈ ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ತೀರಾ ಹಳೆಯದು, ಹೊಸದು ಹಾಕಿ ಎಂದಳು ಸಹಾಯವಾಣಿಯ ಹುಡುಗಿ.

"ಲ್ಯಾಪ್‌ಟಾಪಿಗೂ ಡ್ರೈವರ್ ಬೇಕೇನೇ?" ಅಂದರು ಚಿಕ್ಕಮ್ಮ.

ಹಾಕಿದಳು. ಮರುದಿನ ಅವಳ ಕೈ ಒಮ್ಮೆಯೂ ನಿಲ್ಲಲಿಲ್ಲ. ಅದರ ಮರುದಿನವೂ ಇಲ್ಲ. ಅಯ್ಯೋ, ಡ್ರೈವರಿನ ತಪ್ಪಿಗೆ ಪಾಪ ಆ ಮನುಷ್ಯನನ್ನು ಕಳ್ಳ ಅಂದುಬಿಟ್ಟೆನಲ್ಲ... ಎಂದು ಅವಳಿಗೆ ಅಳುಕು ಶುರುವಾಯಿತು.

ಕ್ಷಮೆ ಕೇಳಬೇಕು ಅಂದುಕೊಂಡರೆ ಅವನೇ ಮೆಟ್ಟಿಲ ಮೇಲೆ ಎದುರಾಗುತ್ತಿದ್ದ.

"ಹುಷಾರಾಗಿದ್ದೀರಾ?"

"ಹೂಂ, ಇದ್ದೀನಿ. ಯಾಕೆ?"

"ಸುಮ್ಮನೆ ಕೇಳಿದೆ." ಅಷ್ಟೇ. ಅವಳ ಕೈಯಲ್ಲಿದ್ದ ತರಕಾರಿ ಚೀಲವನ್ನು ಕೇಳದೆಯೇ ಇಸಿದುಕೊಂಡು ಬಾಗಿಲವರೆಗೆ ತಂದಿಟ್ಟು ಹೋಗುತ್ತಿದ್ದ.

ಪ್ರತಿ ಸಲವೂ ಅದೇ ಪ್ರಶ್ನೆ. ಮೊದಮೊದಲು ಕುಹಕ ಅನ್ನಿಸಿತು. ಆಮೇಲೆ... ಬೆಳಿಗ್ಗೆ ಮೆಟ್ಟಿಲ ಮೇಲೆ ಅವನ ಹೆಜ್ಜೆ ಸಪ್ಪಳ ಕೇಳಿಸಿದರೆ ಅವಳ ಕೈ ತಾನಾಗಿ ತಲೆಗೂದಲು ಸರಿಮಾಡಿಕೊಳ್ಳತೊಡಗಿತು. ಅವನು ಪತ್ರಿಕೆಯ ಅಚ್ಚುಮನೆಯಲ್ಲಿ ರಾತ್ರಿ ಯಂತ್ರ ನಡೆಸುತ್ತಾನೆ ಎಂದು ಚಿಕ್ಕಮ್ಮ ಎಲ್ಲಿಂದಲೋ ತಿಳಿದು ಬಂದರು. ಮನೆಯಲ್ಲಿ ಹಾಸಿಗೆ ಹಿಡಿದ ಅಪ್ಪ ಇದ್ದಾರಂತೆ. ರಾತ್ರಿ ಅಕ್ಕ ಬಂದು ನೋಡಿಕೊಳ್ಳುತ್ತಾಳಂತೆ, ಹಗಲು ಇವನೇ ಅಂತೆ.

ಅವನು ದಿನದಿನಕ್ಕೆ ಸೊರಗುತ್ತಿದ್ದ. ಒಂದು ಬೆಳಿಗ್ಗೆ ಬೀಗದ ಕೈಯನ್ನು ಬೀಗಕ್ಕೆ ಹಾಕಲಾಗದೆ ಬಾಗಿಲಿಗೆ ಹಣೆಯಾನಿಸಿ ನಿಂತಲ್ಲೇ ತೂಕಡಿಸುತ್ತಿದ್ದ. ಎಬ್ಬಿಸಲೇ, ಬೇಡವೇ ಎಂದು ಅವಳು ಚೀಲ ಹಿಡಿದು ಸುಮ್ಮನೆ ನಿಂತಳು. ಆಗಲೂ ಅವನು ಕಣ್ಣು ಬಿಟ್ಟು ಕೇಳಿದ್ದು ಅದನ್ನೇ.

"ಹುಷಾರಾಗಿದ್ದೀರಾ?"

ಈ ಪ್ರಶ್ನೆಯನ್ನು ತನಗೆ ಎಷ್ಟು ವರ್ಷಗಳಿಂದ ಯಾರೂ ಕೇಳಿರಲಿಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಹೂಂ ಎಂದಷ್ಟೇ ಹೇಳಿ ಒಳಗೆ ಬಂದಳು.

ಅದೇ ವಾರ, ಎರಡು ಕಾಲ್‌ಗಳ ನಡುವೆ ಅವಳು ನೀರು ಕುಡಿಯುತ್ತಿದ್ದಾಗ ಗೋಡೆಯಾಚೆ ಏನೋ ಧಡ್ ಎಂದು ಬಿತ್ತು. ಆಮೇಲೆ ಲೋಹದ ಪಾತ್ರೆ ಉರುಳಿದ ಸದ್ದು. ಆಮೇಲೆ ಏನೂ ಇಲ್ಲ.

ಅವಳು ಓಡಿದಳು. ಪಕ್ಕದ ಮನೆಯ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ತಟ್ಟಿದಳು, ಉತ್ತರ ಬರಲಿಲ್ಲ, ತಳ್ಳಿದಳು.

ಒಳಕೋಣೆಯ ಮಂಚದ ಮೇಲೆ ಒಬ್ಬ ಮುದುಕರು ಒರಗಿದ್ದರು. ನೀರಿನ ತಂಬಿಗೆ ನೆಲದ ಮೇಲೆ ಬಿದ್ದು ಕೋಣೆಯೆಲ್ಲ ನೀರು. ಮಂಚದ ಕೆಳಗೆ ಚಾಪೆಯ ಮೇಲೆ ಅವನು... ಪ್ರಜ್ಞೆ ಇಲ್ಲದಂಥ ನಿದ್ದೆ. ಅವನ ಮಣಿಕಟ್ಟಿಗೆ ಒಂದು ದಾರ ಕಟ್ಟಿತ್ತು. ದಾರದ ಇನ್ನೊಂದು ತುದಿ ಅಪ್ಪನ ಎಡಗೈಯಲ್ಲಿ.

ಅವಳು ಬಾಯಿ ತೆರೆಯುವಷ್ಟರಲ್ಲಿ ಮುದುಕರು ದಾರವನ್ನು ಬಿಟ್ಟು, ಆ ಎಡಗೈಯನ್ನೇ ಕೆನ್ನೆಗೆ ಒತ್ತಿ ತಲೆ ವಾಲಿಸಿದರು. ಮಲಗಲಿ ಬಿಡು, ಎಬ್ಬಿಸಬೇಡ.

ಅವರಿಗೆ ಮಾತು ಹೋಗಿತ್ತು. ಬಲಭಾಗ ಬಿದ್ದುಹೋಗಿತ್ತು. ದಾರ ಎಳೆದರೆ ಮಗ ಏಳುತ್ತಾನಲ್ಲ ಎಂದು ತಾವೇ ನೀರಿಗೆ ಕೈ ಚಾಚಿದ್ದರು.

ಅವಳು ಮಾತಾಡಲಿಲ್ಲ. ತಂಬಿಗೆ ತುಂಬಿಸಿ ತಂದು ನೀರು ಕುಡಿಸಿದಳು. ಕೈಯಲ್ಲಿ ಕೇಳಿದಳು: ಈ ದಾರ ಯಾಕೆ?

ಮುದುಕರ ಕಣ್ಣು ಅರಳಿತು. ತಮ್ಮ ಮಾತು ಒಬ್ಬರಿಗಾದರೂ ಅರ್ಥವಾಗುತ್ತದೆ ಎಂಬ ಖುಷಿ. ಗೋಡೆಯ ಮೂಲೆಗೆ ಬೆರಳು ತೋರಿದರು. ಅಲ್ಲೊಂದು ಹಳೆಯ ಪುಟ್ಟ ಕ್ಯಾಮೆರಾ, ತೊಟ್ಟಿಲ ಮಗುವಿನ ಮೇಲೆ ಕಣ್ಣಿಡಲು ಇಡುತ್ತಾರಲ್ಲ, ಅಂಥದ್ದು. ಅದರ ವೈರು ಕಿತ್ತು ಸುತ್ತಿಟ್ಟಿತ್ತು. ಮುದುಕರು ಕ್ಯಾಮೆರಾ ತೋರಿಸಿದರು, ಗೋಡೆ ತೋರಿಸಿದರು, ಅವಳನ್ನು ತೋರಿಸಿದರು. ಆಮೇಲೆ ಎದೆ ಹಿಡಿದುಕೊಂಡು ನೋವಿನ ಮುಖ ಮಾಡಿದರು.

ಕೊನೆಯದು ಅವಳಿಗೆ ಅರ್ಥವಾಗಲಿಲ್ಲ. ಉಳಿದದ್ದು ಅರ್ಥವಾಯಿತು.

ಡ್ರೈವರ್ ಅಲ್ಲ. ಕಳ್ಳತನವೂ ಅಲ್ಲ. ಅವನು ಬೆಳಿಗ್ಗೆ ಬಂದು ಆಚೆ ಕೋಣೆಯಲ್ಲಿ ಮಲಗುವಾಗ, ಅಪ್ಪ ಅಲುಗಿದರೆ ಸದ್ದು ಮಾಡಿ ತನ್ನನ್ನು ಎಬ್ಬಿಸಲಿ ಎಂದು ಇದನ್ನು ಹಚ್ಚುತ್ತಿದ್ದ. ಇದರ ಅಲೆ, ತನ್ನ ವೈಫೈಯ ಅಲೆ, ಎರಡೂ ಒಂದೇ ದಾರಿಯಲ್ಲಿ ಢಿಕ್ಕಿ ಹೊಡೆಯುತ್ತಿದ್ದವು. ತಾನು ಬಾಗಿಲು ಬಡಿದ ದಿನವೇ ಅವನು ಇದನ್ನು ಕಿತ್ತಿಟ್ಟಿದ್ದ. ಕಿತ್ತು, ನಿದ್ದೆಯನ್ನು ಒಂದು ದಾರಕ್ಕೆ ಕಟ್ಟಿಕೊಂಡಿದ್ದ.

ಚಾಪೆಯ ಮೇಲೆ ಅವನು ಗಾಬರಿಯಿಂದ ಎದ್ದು ಕೂತ. ಅಪ್ಪನನ್ನು ನೋಡಿದ, ನೆಲದ ನೀರನ್ನು ನೋಡಿದ, ಅವಳನ್ನು ನೋಡಿದ.

"ಏನಾಯ್ತು? ನಿಮಗೆ ಎದೆನೋವು ಬಂತಾ? ಆಸ್ಪತ್ರೆಗೆ ಹೋಗೋಣ, ಆಟೋ ಕರೀತೀನಿ."

"ಎದೆನೋವಾ? ನನಗಾ?"

"ನನ್ನ ಹತ್ರ ಮುಚ್ಚಿಡಬೇಡಿ. ಗೋಡೆ ತೆಳು, ಎಲ್ಲ ಕೇಳಿಸುತ್ತೆ. 'ನನಗೆ ಎದೆನೋವು, ಮನೆಯಲ್ಲಿ ಯಾರಿಗೂ ಹೇಳಿಲ್ಲ' ಅಂತ ಡಾಕ್ಟರ ಹತ್ರ ಹೇಳ್ತಿದ್ರಿ. ವಾರವಾರ ಹೇಳ್ತಿದ್ರಿ." ಅವನ ಧ್ವನಿ ಒಡೆಯಿತು. "ಯಾರಿಗೂ ಹೇಳಿಲ್ಲ ಅಂದಿದ್ರಲ್ಲ, ಅದಕ್ಕೇ ನಾನೂ ನೇರವಾಗಿ ಕೇಳಲಿಲ್ಲ. ಕಾಲ್ ಕಟ್ ಆಗ್ತಿರೋದು ನನ್ನ ಕ್ಯಾಮೆರಾದಿಂದ ಅಂತ ಆ ದಿನ ಗೊತ್ತಾಯ್ತು. ಅದು ಹಚ್ಚಿದರೆ ನನ್ನ ಮೊಬೈಲಿನ ವೈಫೈಯೂ ನಿಲ್ಲುತ್ತೆ. ತೆಗೆದ ಮೇಲೆ ನೀವು 'ಕಾಣಿಸ್ತಿದ್ದೀನಾ, ಕಾಣಿಸ್ತಿದ್ದೀನಾ' ಅನ್ನೋದು ನಿಂತಿತು."

ಅವಳು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು, ಒದ್ದೆ ನೆಲ ಎನ್ನುವುದೂ ನೆನಪಾಗದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂದವು.

"ಅದು ನನ್ನ ಎದೆನೋವಲ್ಲ ರೀ. ಅದು ಒಬ್ಬರು ಅಜ್ಜಿಯದು. ನಾನು ಬರೀ ಅವರ ಬಾಯಿ." ತನ್ನ ಕೆಲಸ ಏನೆಂದು ಹೇಳಿದಳು.

ಅವನು ಕೇಳುತ್ತಲೇ ಇದ್ದ. ಎಲ್ಲ ಮುಗಿದ ಮೇಲೆ ನಿಧಾನವಾಗಿ ಕೇಳಿದ. "ಅಂದರೆ ನಿಮಗೆ ಏನೂ ಇಲ್ಲ?"

"ಸುಸ್ತು ಇದೆ. ಅಷ್ಟೇ."

"ಅದು ನನಗೂ ಇದೆ," ಎಂದು ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು.

ಪರಿಹಾರ ನಾಚಿಕೆಯಾಗುವಷ್ಟು ಸುಲಭದ್ದಾಗಿತ್ತು. ರೌಟರಿನಿಂದ ಅವಳ ಕೋಣೆಗೆ ಒಂದು ಉದ್ದನೆಯ ಕೇಬಲ್, ಲ್ಯಾಪ್‌ಟಾಪಿಗೆ ಸಿಕ್ಕಿಸಲು ಬೆರಳುದ್ದದ ಅಡಾಪ್ಟರ್. ವೈಫೈ ಗೊಡವೆಯೇ ಬೇಡ. ಭಾನುವಾರ ಅವನೇ ಬಂದು ಗೋಡೆಯಂಚಿಗೆ ಕೇಬಲ್ ಎಳೆದ. ಗೋಡೆಗೆ ಎರಡು ದಪ್ಪ ರಜಾಯಿ ತೂಗುಬಿಟ್ಟು ರೋಗಿಗಳ ಗುಟ್ಟನ್ನೂ ಕಾಪಾಡಿದ್ದಾಯಿತು. ಕ್ಯಾಮೆರಾ ಮತ್ತೆ ಹತ್ತಿತು.

"ಇಷ್ಟಕ್ಕೆ ಇಷ್ಟೆಲ್ಲ ರಾಮಾಯಣವಾ?" ಎಂದರು ಚಿಕ್ಕಮ್ಮ, ಕೇಬಲ್ ದಾಟುತ್ತಾ.

ಅವನು ನಿದ್ದೆ ಮಾಡಿದ. ಸಂಜೆ ಅವನು ಕೆಲಸಕ್ಕೆ ಹೊರಡುವ ಮೊದಲು ಅವಳು ಅವರ ಮನೆಗೆ ಹೋಗಿ ಮುದುಕರಿಗೆ ಸನ್ನೆ ಕಲಿಸತೊಡಗಿದಳು, ಒಂದೇ ಕೈಗೆ ಸಾಲುವ ಹಾಗೆ. ನೀರು. ನೋವು. ಸಾಕು. ಎರಡು ಬೆರಳು ಜೋಡಿಸಿ ಹಿಡಿದರೆ, ಜೊತೆಗಿರು. ಅವನೂ ಪಕ್ಕದಲ್ಲಿ ಕೂತು ಕಲಿಯುತ್ತಿದ್ದ. ಅಪ್ಪನಿಗಿಂತ ದಡ್ಡ.

ಒಂದು ಸಂಜೆ ಮುದುಕರಿಗೆ ಜೊಂಪು ಹತ್ತಿತ್ತು. ಅವನು ಹೊರಡಲು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಅವಳು ಬಾಗಿಲಲ್ಲಿ ನಿಂತಿದ್ದಳು.

"ನನಗೆ ಭಯ ಆಗ್ತಿದೆ," ಅಂದಳು.

ಅವನು ತಲೆಯೆತ್ತಿದ. ಬೆಚ್ಚಿದ, ಆಮೇಲೆ ತಡವರಿಸುತ್ತಾ ಕೇಳಿದ.

"ಇದು... ಯಾರ ಮಾತು?"

"ನನ್ನದು."

"ಯಾಕೆ ಭಯ?"

"ಕಾಯಿಲೆಯವಳು ಅಂತ ಅಷ್ಟು ನೋಡ್ಕೊಂಡ್ರಿ. ಈಗ ನನಗೇನೂ ಇಲ್ಲ ಅಂತ ಗೊತ್ತಾಯ್ತು. ಇನ್ನು ಮೆಟ್ಟಿಲ ಮೇಲೆ ಹುಷಾರಾಗಿದ್ದೀರಾ ಅಂತ ಕೇಳೋದು ನಿಲ್ಲಿಸಿಬಿಟ್ಟರೆ... ಅಂತ ಭಯ. ನನಗೆ ನೀವು ಬೇಕು ರೀ. ಇದೂ ನನ್ನದೇ ಮಾತು."

ಬಸ್ಸಿಗೆ ಹೊತ್ತಾಗುತ್ತಿತ್ತು. ಆದರೂ ಅವನು ನಿಂತು, ಮಸಿ ಹತ್ತಿದ ಬಲಗೈ ಎತ್ತಿ ಎರಡು ಬೆರಳು ಜೋಡಿಸಿ ಹಿಡಿದ. ಹೆಬ್ಬೆರಳು ತಪ್ಪು ಕಡೆ ಇತ್ತು.

ಅವಳು ಹತ್ತಿರ ಹೋಗಿ ಹೆಬ್ಬೆರಳನ್ನು ಸರಿಮಾಡಿದಳು. ಹಿಡಿದ ಕೈ ಬಿಡಲಿಲ್ಲ.

"ಈಗ ಸರಿ ಇದೆಯಾ?" ಅಂದ ಅವನು.

"ಹೂಂ. ಈಗ ಅರ್ಥ ಆಯ್ತು."